ಮೂರನೆಯ ಡಬ್ಬಿ

ಆಯಾ ಮೋಂಘಿಯ ಚೀಲದಲ್ಲಿ ಅಫೀಮಿನ ಗುಳಿಗೆ ಸಿಗಲಿಲ್ಲ.

ಕೋಕಿಲಾಬೆನ್ ಚೀಲವನ್ನು ಕೈಯಿಂದ ಮುಟ್ಟಿರಲಿಲ್ಲ. ಕೋಲಿನ ತುದಿಗೆ ಸಿಕ್ಕಿಸಿ ಹಿತ್ತಲಿನ ಕಲ್ಲಿನ ಮೇಲೆ ಬೋರಲು ಹಾಕಿದ್ದಳು. ಬಿದ್ದದ್ದು ಇಷ್ಟೇ: ಒಂದು ಹಳೆಯ ರವಿಕೆ, ಪೊಟ್ಟಣದಲ್ಲಿ ಹುರಿದ ಸಬ್ಬಸಿಗೆ ಬೀಜ, ಅಂಗೈಯಗಲದ ಒಂದು ಕುಲಾವಿ. ಕುಲಾವಿ ಈ ಮನೆಯದಲ್ಲ. ಹಳೇ ಸೀರೆಯ ತುಂಡಿನಲ್ಲಿ ಹೊಲಿದದ್ದನ್ನು ಮೊಮ್ಮಗನ ತಲೆಗೆ ಹಾಕುವ ಗತಿ ತನಗಿನ್ನೂ ಬಂದಿಲ್ಲ.

"ಸೊಂಟದಲ್ಲಿ ಸಿಕ್ಕಿಸಿಕೊಂಡಿರ್ತಾಳೆ," ಎಂದಳು ಪಕ್ಕದ ಮನೆಯ ರಮೀಲಾಬೆನ್, ಗೋಡೆಯಾಚೆಯಿಂದ ಕತ್ತು ಚಾಚಿ. "ಗುಳಿಗೆ ಅಂದ್ರೆ ಎಷ್ಟು, ಸಾಸಿವೆಯಷ್ಟು. ನಾಲಿಗೆಗೆ ಸವರಿದ್ರೆ ಸಾಕು, ಮಗು ಹೆಣದ ಹಾಗೆ ಮಲಗುತ್ತೆ."

"ಬಿಡ್ತು ಅನ್ರೀ!"

ಮಗುವಿಗೆ ಇಪ್ಪತ್ತೇಳು ದಿನ. ಸೊಸೆ ಜಾಗೃತಿಗೆ ಹೆರಿಗೆಯ ಹೊಲಿಗೆ ಕೀವಾಗಿ ಜ್ವರ, ಎದೆಯಲ್ಲಿ ಹಾಲಿಲ್ಲ. ಗುಜರಾತಿನ ನಡಿಯಾದ್ ಸುತ್ತಲಿನ ಎಮ್ಮೆಗಳು ಕೊಡಗಟ್ಟಲೆ ಕರೆಯುವ ಸೀಮೆಯಲ್ಲಿ ಕೋಕಿಲಾಬೆನ್ ಹಾಲಿನ ಪುಡಿಗಾಗಿ ಅಂಗಡಿ ಅಂಗಡಿ ತಿರುಗಿದಳು. ಮೊದಲನೆಯ ಡಬ್ಬಿಗೆ ಮಗುವಿನ ಹೊಟ್ಟೆ ಕಲ್ಲಾಯಿತು. ಎರಡನೆಯದಕ್ಕೆ ಕುಡಿದದ್ದೆಲ್ಲ ಕಕ್ಕಿತು. ರಾತ್ರಿ ಗಂಟೆಗೊಮ್ಮೆ ಎದ್ದು ಕಿರಿಚಿತು. ತೂಕ ಇಳಿಯಿತು. ಮಗು ಕೈಬಿಟ್ಟು ಹೋಗುತ್ತದೆಂದು ಕೋಕಿಲಾಬೆನ್ ದೇವರ ಮುಂದೆ ಕೂತು ಅತ್ತಳು. ಆಮೇಲೆ ಭಜನಾಮಂಡಳಿಯ ಹೆಂಗಸರನ್ನೆಲ್ಲ ಕೇಳಿ, ಔಷಧಿ ಅಂಗಡಿಯವನ ಪ್ರಾಣ ಹಿಂಡಿ, ಮೂರನೆಯದನ್ನು ಆರಿಸಿದಳು. ನೀಲಿ ಡಬ್ಬಿ. ಹೊರದೇಶದ್ದು. ಅಂಗಡಿಯಲ್ಲೇ ದೊಡ್ಡದು.

ನೀಲಿ ಡಬ್ಬಿ ಬಂದ ರಾತ್ರಿಯೇ ಮಗು ನಾಲ್ಕು ತಾಸು ಮಲಗಿತು.

"ಆರಿಸೋಕೆ ಗೊತ್ತಿರಬೇಕು," ಎಂದು ಮಂಡಳಿಯಲ್ಲಿ ಹೇಳಿಕೊಂಡಳು. ಮೂವರು ಅದೇ ಡಬ್ಬಿ ಕೊಂಡರು. ಅವರ ಮನೆಯ ಮಕ್ಕಳು ಮೊದಲಿನಂತೆಯೇ ಕಿರಿಚುತ್ತಿದ್ದವು. ಅವರಲ್ಲೊಬ್ಬಳು ರಮೀಲಾಬೆನ್.

"ನಮ್ಮ ಡಬ್ಬಿ ಎಂಟು ದಿನಕ್ಕೆ ತಳ ಕಂಡಿತು ಕೋಕಿಲಾಬೆನ್. ನಿಮ್ಮದು ಹನ್ನೊಂದಾದರೂ ಮುಗಿದಿಲ್ಲ. ಕುಡಿಯೋದು ಕಡಿಮೆ, ಮಲಗೋದು ಜಾಸ್ತಿ. ಇವಳು ಬಂದದ್ದೂ ಡಬ್ಬಿ ಬಂದ ದಿನವೇ ಅಲ್ವಾ? ನಾನೇನೂ ಹೇಳಲ್ಲಪ್ಪ, ನೀವೇ ಯೋಚಿಸಿ."

ಮೋಂಘಿ ಅಂದರೆ ದುಬಾರಿ. ಹೆಸರಷ್ಟೇ, ಆಯಾ ಆಗಿ ಸಿಕ್ಕಿದ್ದು ಅಗ್ಗಕ್ಕೆ. ಊರಾಚೆಯ ಕೇರಿಯವಳು. "ಮಕ್ಕಳಿದ್ದಾವಾ?" ಎಂದು ಮೊದಲ ದಿನ ಕೇಳಿದ್ದಕ್ಕೆ "ಈಗ ಇಲ್ಲ ಬೆನ್," ಎಂದಿದ್ದಳು. "ಒಳ್ಳೇದಾಯ್ತು, ರಜಾ ಕೇಳಲ್ಲ," ಎಂದಿದ್ದಳು ಕೋಕಿಲಾಬೆನ್.

ಹಿತ್ತಲ ಕಡೆಯ ಕೋಣೆಯಲ್ಲಿ ಹಗಲೂ ರಾತ್ರಿ ಮಗು, ಮೋಂಘಿ, ಇಬ್ಬರೇ. ಅಡುಗೆಮನೆಯತ್ತ ಅವಳ ನೆರಳು ಸುಳಿಯಬಾರದು. ಕಿಟಕಿಯ ಕಟ್ಟೆಯ ಮೇಲೆ ಅವಳಿಗೆಂದು ಹಿಡಿ ಮುರಿದ ಪಿಂಗಾಣಿ ಬಟ್ಟಲು. ಅದನ್ನು ರಾಮಪಾತರ್ ಎನ್ನುತ್ತಾರೆ. ಹೆಸರಿನಲ್ಲಿ ದೇವರಿದ್ದಾನೆ, ಚಹಾ ಮಾತ್ರ ಒಂದು ಮೊಳ ಮೇಲಿನಿಂದ ಬೀಳುತ್ತದೆ. ಅವಳು ಮುಟ್ಟಿದ್ದನ್ನು ಮನೆಯವರು ಮುಟ್ಟುವುದಿಲ್ಲ. ಡಬ್ಬಿ, ಬಾಟಲಿ, ಕೌದಿ ಎಲ್ಲ ಅವಳ ಮೂಲೆಯಲ್ಲಿ. ಕೋಕಿಲಾಬೆನ್ ಹೊಸ್ತಿಲಲ್ಲೇ ನಿಂತು ಫ್ಲಾಸ್ಕಿಗೆ ಬಿಸಿನೀರು ಸುರಿಯುತ್ತಾಳೆ. ಮಗುವನ್ನು ಎಳೆಬಿಸಿಲಿಗೆ ಎತ್ತಿಕೊಳ್ಳುವ ಮೊದಲು ಚಿನ್ನದುಂಗುರ ಅದ್ದಿದ ನೀರು ಚಿಮುಕಿಸುತ್ತಾಳೆ. ಮೈಲಿಗೆ ಅಷ್ಟಕ್ಕೆ ಹೋಗುತ್ತದೆ.

ನಲ್ಲಿಯ ಕಡೆಯಿಂದ ಮೋಂಘಿ ಬಂದಳು, ಕೈಯಲ್ಲಿ ಹಿಂಡಿದ ಬಟ್ಟೆಗಳು. ಕಲ್ಲಿನ ಮೇಲೆ ಬಿದ್ದದ್ದನ್ನು ನೋಡಿದಳು. ಬಾಗಿ ಮೊದಲು ಕುಲಾವಿಯನ್ನು ಎತ್ತಿ ಧೂಳು ಕೊಡವಿದಳು.

"ಮಗೂಗೆ ಏನು ಕೊಡ್ತಿದ್ದೀಯ? ನಿಜ ಬೊಗಳು. ಪೊಲೀಸರನ್ನ ಕರೆಸ್ತೀನಿ," ಎಂದಳು ಕೋಕಿಲಾಬೆನ್.

"ಹಾಲು ಬೆನ್."

"ಬರೀ ಹಾಲಾ?"

"ಬರೀ ಹಾಲು. ಈ ಕುಲಾವಿ ಮೇಲಾಣೆ."

"ಸಬ್ಬಸಿಗೆ ಯಾಕೆ? ಬಾಣಂತಿಗೆ ತರಿಸಿದ್ದನ್ನ ಕದ್ದೆಯಾ?"

"ನನಗೆ ಅಂತ ಸಂತೇಲಿ ಕೊಂಡದ್ದು."

"ಅಯ್ಯೋ, ಮಹಾರಾಣಿಗೆ ಊಟದ ಮೇಲೆ ಬಾಯಿ ಘಮಘಮ ಅನ್ನಬೇಕಂತೆ!" ರಮೀಲಾಬೆನ್ ನಕ್ಕಳು.

ಒಳಗಿನ ಕೋಣೆಯಿಂದ ಜಾಗೃತಿಯ ಸಣ್ಣ ದನಿ ಬಂತು. "ಮಮ್ಮಿ, ಅವಳನ್ನ ಕಳಿಸಬೇಡಿ. ಮಗು ತೂಕ ಏರಿದೆ ಅಂತ ಡಾಕ್ಟರೇ ಅಂದ್ರಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ."

"ಅದು ತೂಕ ಅಲ್ಲಮ್ಮ, ಊತ," ಎಂದಿತು ಗೋಡೆಯಾಚೆಯ ಕತ್ತು.

ಅಷ್ಟರಲ್ಲಿ ಮಗು ಎದ್ದು ಅತ್ತಿತು. ಮೋಂಘಿ ಬಾಗಿಲಿಗೆ ಧಾವಿಸಿದಳು. ಕೋಕಿಲಾಬೆನ್ ಕೋಲನ್ನು ಅಡ್ಡ ಹಿಡಿದಳು.

"ಒಂದೇ ಒಂದು ಸಲ ಎತ್ಕೊಳ್ತೀನಿ ಬೆನ್. ಹಸಿದಿದೆ."

"ಡಬ್ಬಿ ಇದೆ. ನಾನೇ ಕೊಡ್ತೀನಿ. ಮೈಯೆಲ್ಲ ನೀರು ಸುರ್ಕೊಂಡು ಬಂದಿದ್ದೀಯ ನೋಡು, ಎದೆ ತೊಪ್ಪೆ! ನಡಿ ಆಚೆ."

ಮೋಂಘಿ ಸೆರಗನ್ನು ಎದೆಗೆ ಅವುಚಿಕೊಂಡಳು. ಮಗುವಿನ ದನಿ ಏರಿದಷ್ಟೂ ಅವುಚಿದ ಕೈ ಬಿಗಿಯಿತು. ಚೀಲ ತುಂಬಿಕೊಂಡು ಹೊರಟವಳು ಕಿಟಕಿಯ ಕಟ್ಟೆಯ ಬಟ್ಟಲಿನ ಮುಂದೆ ಒಂದು ಗಳಿಗೆ ನಿಂತಳು.

"ಚಿನ್ನದ ನೀರು ಇವತ್ತು ಸ್ವಲ್ಪ ಜಾಸ್ತಿ ಬೇಕಾಗುತ್ತೆ ಬೆನ್."

"ಸೊಕ್ಕು ನೋಡಿ!" ಎಂದಳು ರಮೀಲಾಬೆನ್.

ಕೋಕಿಲಾಬೆನ್ ಮಗುವಿಗೆ ಚಿಮುಕಿಸಿದಳು. ಕೌದಿಗೆ, ಮೂಲೆಗೆ, ನೀಲಿ ಡಬ್ಬಿಗೆ ಚಿಮುಕಿಸಿದಳು. ಎಡಗೈಯಲ್ಲಿ ಎತ್ತಿಕೊಂಡ ಮಗು ಬಾಯಿ ತೆರೆದು ಅವಳ ರವಿಕೆಯ ಮೇಲೆಲ್ಲ ಹುಡುಕಾಡಿತು, ಸಿಗದೆ ಕಿರಿಚಿತು. "ಬಂತು ಕಣೋ, ಬಂತು ನನ್ನ ರಾಜ," ಎನ್ನುತ್ತ ಬಾಟಲಿಗೆ ಬಿಸಿನೀರು ಬಗ್ಗಿಸಿದಳು. ಡಬ್ಬಿಯನ್ನು ತೊಡೆಗಳ ನಡುವೆ ಒತ್ತಿ ಹಿಡಿದು ಮುಚ್ಚಳಕ್ಕೆ ಉಗುರು ಹಾಕಿ ಮೀಟಿದಳು.

ಮುಚ್ಚಳದ ಕೆಳಗೆ ಬೆಳ್ಳಿ ಹಾಳೆ, ಕಂಪನಿಯವರು ಅಂಟಿಸಿದ ಹಾಗೆಯೇ, ಹನ್ನೊಂದು ದಿನವೂ ಹರಿಯದೆ ಬಿಗಿದು ಕೂತಿತ್ತು.