ಎಂಟನೇ ಕ್ಲಾಸಿನ ತೀರ್ಪು

ಎಂಟನೇ ಕ್ಲಾಸಿನಲ್ಲಿ ಮೇಷ್ಟರ ಮೇಲೆ ರೇಗಿ ಶಾಲೆ ಬಿಟ್ಟವನು ನಾನು. ಯಾವ ವಿಶ್ವವಿದ್ಯಾಲಯ ಒಳ್ಳೆಯದೆಂದು ಮನೆಯಲ್ಲಿ ತೀರ್ಪು ಕೊಡುವವನೂ ನಾನೇ.

ತಂಗಿಗೆ ಎಂ.ಎಸ್ಸಿಗೆ ಎರಡು ಕಡೆ ಸೀಟು ಸಿಕ್ಕಿತು. ಒಂದು ನಮ್ಮೂರಲ್ಲೇ, ಇನ್ನೊಂದು ರೈಲಿನಲ್ಲಿ ಎರಡು ದಿನದ ದಾರಿ. ಅವಳು ದೂರದ್ದನ್ನೇ ಹಿಡಿದು ಕೂತಳು.

"ಹೆಣ್ಣುಹುಡುಗಿ, ಅಷ್ಟು ದೂರ ಯಾಕೆ?" ಎಂದರು ಮಾವ.

"ಅದು ಅವಳಿಷ್ಟ. ನೀವು ಸುಮ್ನಿರಿ ಮಾವ," ಎಂದು ಟೇಬಲ್ ಗುದ್ದಿದೆ. ಲೋಟ ಉರುಳಿ ಕಾಫಿಯೆಲ್ಲ ಅವರ ಪಂಚೆಯ ಮೇಲೆ ಚೆಲ್ಲಿತು. ಮಾವ ಎದ್ದು ಹೋದರು. ನಾನು ಗೆದ್ದಿದ್ದೆ.

"ಈಗ ಹೇಳು, ಇಲ್ಲಿನ ಯೂನಿವರ್ಸಿಟಿಗೆ ಏನಾಗಿದೆ?" ಎಂದು ಎದೆಯುಬ್ಬಿಸಿ ಕೇಳಿದೆ.

ತಂಗಿ ಟೇಬಲ್ ಒರೆಸುತ್ತ ಹೇಳಿದಳು: "ಏನೂ ಆಗಿಲ್ಲ ಅಣ್ಣ. ಡಿಗ್ರೀಲಿ ನನ್ನ ಹತ್ರ ನೋಟ್ಸ್ ಕೇಳಿದ ಹುಡುಗರಿಗೆಲ್ಲ ಕಾಲೇಜ್ ಗೇಟಲ್ಲೇ ಬಾರಿಸಿದ್ಯಲ್ಲ. ಅಷ್ಟು ದೂರ ನಿನ್ನ ಬೈಕು ಬರಲ್ಲ."