ಕೆಳಗಿಳಿದ ಕೈ

"ಮುಂದಕ್ಕೆ ವಿಜ್ಞಾನ ಬೇಡಮ್ಮ. ನಿಮ್ಮ ಜನ ಓಟದಲ್ಲಿ ಮುಂದು, ಮಗಳನ್ನ ಆಟಕ್ಕೆ ಹಾಕಿ" ಎಂದು ಲೆಕ್ಕದ ಮೇಡಂ ಅಕ್ಕರೆಯಿಂದಲೇ ಹೇಳಿದಾಗ ತಾಯಿ ಪಕ್ಕದಲ್ಲಿದ್ದ ಮಗಳ ಕೈ ಹಿಡಿದು ಮೇಜಿನ ಹತ್ತಿರಕ್ಕೆ ಬಂದಳು. ಆ ತರಗತಿಯಲ್ಲಿ ಕಪ್ಪು ಜನಾಂಗದ ಹುಡುಗಿ ಅವಳ ಮಗಳೊಬ್ಬಳೇ.

"ಹೋದ ವರ್ಷ ಅಣ್ಣನ ಲೆಕ್ಕಾನೂ ಇವಳೇ ಬಿಡಿಸ್ತಿದ್ಳು ಮೇಡಂ. ನಿಮ್ಮ ಕಾಲಿಗೆ ಬೀಳ್ತೀನಿ, ಒಂದ್ಸಲ ಕರೆದು ಕೇಳಿ."

"ಕೈ ಎತ್ತಿದ್ರೆ ತಾನೇ ಕೇಳೋದು?" ಮೇಡಂ ನಕ್ಕರು. "ಪಾಪ, ಹೆದರ್ತಾಳೆ ಅಂತ ಸುಮ್ಮನಿದ್ದೀನಿ."

ಮೊದಮೊದಲು ದಿನವೂ ಕೈಯೆತ್ತಿ, ಮೇಡಂ ಒಮ್ಮೆಯೂ ತನ್ನನ್ನು ಕೇಳಲಿಲ್ಲವೆಂದು ಮಗಳು ಅಳುತ್ತಾ ಮನೆಗೆ ಬರುತ್ತಿದ್ದುದು ತಾಯಿಗೆ ಗೊತ್ತಿತ್ತು. ಅವಳು ಮೇಜಿನ ಮೇಲಿದ್ದ ಚಾಕ್‌ಪೀಸ್ ತೆಗೆದು ಮಗಳ ಅಂಗೈಗೆ ಒತ್ತಿದಳು. "ಬೋರ್ಡ್ ಮೇಲಿರೋ ಲೆಕ್ಕ ಬಿಡಿಸಿ ತೋರಿಸು ಪುಟ್ಟಾ."

ಮಗಳು ಬೋರ್ಡಿನ ಕಡೆ ತಿರುಗಲೂ ಇಲ್ಲ. ಚಾಕ್‌ಪೀಸನ್ನು ಮೇಜಿನ ಮೇಲಿಟ್ಟು, "ಬಿಡಮ್ಮ, ಮೇಡಂ ಹೇಳೋದೇ ಸರಿ. ಇದೆಲ್ಲ ನಮ್ಮಂಥವರ ತಲೆಗೆ ಹತ್ತಲ್ಲ" ಎಂದಳು.