ಮೂರು ಸಲ ತುಳಿಯುವ ಬ್ರೇಕ್

ಬ್ರೇಕ್ ಆಯಿಲ್‌ನ ವಾಸನೆ ಬಂದರೆ ಇಂದಿಗೂ ನನ್ನ ಬೆರಳುಗಳು ತಣ್ಣಗಾಗುತ್ತವೆ.

ಬಲವಾಗಿ ಮೂರು ಸಲ ತುಳಿದರೆ ಮಾತ್ರ ತಾತನ ಹಳೆಯ ವ್ಯಾನ್ ನಿಲ್ಲುತ್ತಿತ್ತು. ಬ್ರೇಕ್ ಬದಲಾಯಿಸೋಣ ಎಂದು ಅಪ್ಪ ಹೇಳಿದಾಗಲೆಲ್ಲ ತಾತ, "ನಿನಗೆ ಓಡಿಸೋಕೆ ಬರಲ್ಲ ಅನ್ನು" ಎನ್ನುತ್ತಿದ್ದರು. ಆ ಮಧ್ಯಾಹ್ನ ಅಪ್ಪ ಸರ್ವೀಸಿಗೆಂದು ಸುಳ್ಳು ಹೇಳಿ, ನನ್ನನ್ನೂ ಕೂರಿಸಿಕೊಂಡು ಲಷ್ಕರ್ ಮೊಹಲ್ಲಾದ ಗ್ಯಾರೇಜಿನಲ್ಲಿ ಡಿಸ್ಕ್ ಬ್ರೇಕ್ ಹಾಕಿಸಿದರು.

"ಯಜಮಾನ್ರಿಗೆ ಹೇಳ್ಬುಡಿ ಸಾರ್. ಇನ್ಮೇಲೆ ಮೆತ್ತಗೆ ಒತ್ತಿದ್ರೆ ಸಾಕು," ಎಂದರು ಮೆಕ್ಯಾನಿಕ್, ಜಿಡ್ಡಿನ ಕೈಯನ್ನು ಹಳೇ ಬನಿಯನ್ನಿಗೆ ಒರೆಸುತ್ತ.

"ಅವರಿಗೆ ಎಲ್ಲ ಗೊತ್ತಲ್ಲ, ಇದೂ ಗೊತ್ತಾಗ್ಲಿ." ಅಪ್ಪ ನನ್ನ ಕಡೆ ತಿರುಗಿದರು. "ನೀನೂ ಬಾಯಿ ಬಿಡ್ಬೇಡ."

ಸಂಜೆ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟ ತಾತ ಬೀದಿಯ ತಿರುವಿನಲ್ಲಿ ಎಂದಿನಂತೆ ತುಳಿದರು. ವ್ಯಾನ್ ಗಕ್ಕನೆ ನಿಂತಿತು. ಅಜ್ಜಿಯ ಹಣೆ ಮುಂದಿನ ಗಾಜಿಗೆ ಬಡಿಯಿತು.

"ಹೇಳೋಕೆ ನಿನಗೇನಾಗಿತ್ತು?" ಓಡಿಬಂದ ಅಪ್ಪನನ್ನು ತಾತ ಕೇಳಿದರು.

"ನನ್ನ ಮಾತು ನೀವು ಯಾವತ್ತು ಕೇಳಿದ್ರಿ?"

ಅವರು ವ್ಯಾನಿನ ಪಕ್ಕದಲ್ಲೇ ಜಗಳವಾಡುತ್ತಿದ್ದಾಗ ನಾನು ಮನೆಯಿಂದ ಐಸ್ ತಂದು ಅಜ್ಜಿಯ ಹಣೆಗೆ ಒತ್ತಿ ಹಿಡಿದೆ.

"ನಿಂಗೂ ಗೊತ್ತಿತ್ತೇನೇ?" ಅಜ್ಜಿ ಮೆಲ್ಲಗೆ ಕೇಳಿದರು.

ನಾನು ಬೆರಳ ಸಂದಿಯಲ್ಲಿ ಕರಗುತ್ತಿದ್ದ ಐಸನ್ನೇ ನೋಡಿದೆ. ಅಜ್ಜಿ ನನ್ನ ಕೈಯಿಂದ ಐಸ್ ತೆಗೆದುಕೊಂಡು ತಾವೇ ಹಿಡಿದುಕೊಂಡರು.